ಮೋಡ ಕಾಯ್ದ ಹದಿನಾಲ್ಕು ದಿನ

ಬಾವಿ ತೋಡುವಾಗ ಬಂಡೆ ಸಿಕ್ಕಿತೆಂದರೆ ಐಗಳಿ ಸುತ್ತಿನ ಜನ ನನಗೆ ಹೇಳಿ ಕಳಿಸುತ್ತಿದ್ದರು. ಬಂಡೆಗೆ ತೂತು ಕೊರೆಸಿ, ಮದ್ದು ತುಂಬಿ, ಬತ್ತಿ ಹಚ್ಚಿ ಹಾರಿಸುವುದು ನನ್ನ ಕಸುಬು. ನಮ್ಮ ಕಡೆ ಇದಕ್ಕೆ ಸುರಂಗ ಹೊಡೆಯುವುದು ಎನ್ನುತ್ತಾರೆ. ಈ ಕೆಲಸದಲ್ಲಿ ನನಗೆ ಒಂದಿಷ್ಟು ಹೆಸರಿತ್ತು, ಹೆಸರಿಗಿಂತ ತುಸು ಹೆಚ್ಚೇ ಸೊಕ್ಕಿತ್ತು. ಬಂಡೆಯ ಮೇಲೆ ಕೈಯಾಡಿಸಿ ಅದು ಎಲ್ಲಿ ಬಿರಿಯುತ್ತದೆಂದು ಹೇಳುತ್ತಿದ್ದೆ, ಬಹಳ ಸಲ ಹೇಳಿದಲ್ಲೇ ಬಿರಿಯುತ್ತಿತ್ತು. ತೊಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ, ನೆಲ ಬಿಟ್ಟು ಆಕಾಶಕ್ಕೆ ಮದ್ದು ಹಾರಿಸಲು ನನ್ನನ್ನು ಕರೆದರು.

ಕರೆದವರು ಒಬ್ಬ ದ್ರಾಕ್ಷಿ ತೋಟದ ಸಾವಕಾರರು. ಅವರ ಬಾವಿಗೆ ಎರಡು ಸಲ ಸುರಂಗ ಹೊಡೆದಿದ್ದೆ, ಹಾಗಾಗಿ ಗುರುತಿತ್ತು. ಅಲ್ಲಿಯವರೆಗೆ ಅವರು ಹಣ್ಣನ್ನು ಹಸಿಯಾಗಿಯೇ ಪೇಟೆಗೆ ಕಳಿಸುತ್ತಿದ್ದರು. ಆ ವರ್ಷ ಮೊದಲ ಬಾರಿಗೆ ಇಡೀ ತೋಟದ ಫಸಲನ್ನು ಮಣೂಕ ಮಾಡಲು, ಅಂದರೆ ಒಣದ್ರಾಕ್ಷಿ ಮಾಡಲು, ಹೊರಟಿದ್ದರು. ಬಯಲಲ್ಲಿ ಕಬ್ಬಿಣದ ಕೋನಪಟ್ಟಿ ನಿಲ್ಲಿಸಿ, ಒಂದರ ಮೇಲೊಂದು ಹತ್ತು ಅಂತಸ್ತು ಜಾಲರಿ ಕಟ್ಟಿ ನಾಲ್ಕು ದೊಡ್ಡ ರ‍್ಯಾಕ್ ಮಾಡಿಸಿದ್ದರು. ಗೊನೆಗಳನ್ನು ಪೊಟ್ಯಾಷ್ ಮತ್ತು ಒಂದು ಬಗೆಯ ಎಣ್ಣೆ ಕಲೆಸಿದ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ಆ ಜಾಲರಿಯ ಮೇಲೆ ಹರಡುವುದು. ಅದ್ದಿದ ಕಾಯಿಯ ಸಿಪ್ಪೆ ತೆಳುವಾಗಿ ಬಿರುಕು ಬಿಟ್ಟು ಒಳಗಿನ ನೀರು ಬೇಗ ಆರುತ್ತದೆ. ಬಿಸಿಲು ನೇರ ತಾಗಬಾರದು, ಒಣ ಗಾಳಿ ಮಾತ್ರ ಆಡುತ್ತಿರಬೇಕು. ಹದಿನಾಲ್ಕು ಹದಿನೈದು ದಿನ ಹೀಗೆ ನಡೆದರೆ ಬಂಗಾರದ ಬಣ್ಣದ ಮಣೂಕ.

ನಡುವೆ ಒಂದು ಮಳೆ ಬಿದ್ದರೆ ಎಲ್ಲ ಮುಗಿಯಿತು. ಅರೆ ಒಣಗಿದ ಕಾಯಿ ನೀರು ಕುಡಿದು ಒಂದಕ್ಕೊಂದು ಅಂಟಿ, ಕಪ್ಪಾಗಿ, ಬೂಸು ಹಿಡಿಯುತ್ತದೆ. ಆಮೇಲೆ ಅದನ್ನು ದನವೂ ಮೂಸುವುದಿಲ್ಲ. ಮಾರ್ಚ್ ಮುಗಿಯುತ್ತ ಬಂದರೆ ನಮ್ಮ ಕಡೆ ಮಧ್ಯಾಹ್ನದ ನಂತರ ಅಡ್ಡಮಳೆಯ ಮೋಡಗಳು ಏಳುತ್ತವೆ. ಮುಂಗಾರಿಗೆ ಮೊದಲು, ಹೊತ್ತಿಲ್ಲದ ಹೊತ್ತಿನಲ್ಲಿ, ಗುಡುಗು ಸಿಡಿಲಿನೊಂದಿಗೆ ಬಂದು ಅರ್ಧ ತಾಸಿನಲ್ಲಿ ಹೋಗುವ ಮಳೆ ಅದು. ಸಾವಕಾರರ ಬಳಿ ಇದ್ದ, ಮಳೆಗೆ ಹೊದಿಸುವ ತಾಡಪತ್ರಿ ಎರಡು ರ‍್ಯಾಕಿಗೆ ಮಾತ್ರ ಸಾಲುತ್ತಿತ್ತು. ಉಳಿದ ಎರಡಕ್ಕೆ ನೆರಳಿನ ಪರದೆಯೊಂದೇ ಗತಿ.

ತಾಸಗಾಂವ ಕಡೆಯಿಂದ ಬಂದ ಹಣ್ಣಿನ ವ್ಯಾಪಾರಿಯೊಬ್ಬ, ಹೊರದೇಶಗಳಲ್ಲಿ ದ್ರಾಕ್ಷಿ ಬೆಳೆಯುವವರು ಮೋಡಕ್ಕೆ ತೋಪು ಹಾರಿಸಿ ಓಡಿಸುತ್ತಾರೆಂದು ಅವರ ಕಿವಿಯಲ್ಲಿ ಊದಿ ಹೋಗಿದ್ದ. ತೋಪು ಎಲ್ಲಿಂದ ತರುವುದು? ಜಾತ್ರೆ, ಮದುವೆಗಳಲ್ಲಿ ಸದ್ದಿಗಾಗಿ ಹಾರಿಸುವ ಗರ್ನಾಳ ಇದೆಯಲ್ಲ, ನೆಲದಲ್ಲಿ ಹೂತು ಮದ್ದು ಜಡಿಯುವ ಕಬ್ಬಿಣದ ಕೊಳವೆ, ಅದನ್ನೇ ದೊಡ್ಡದಾಗಿ ಮಾಡಿಕೊಡು ಎಂದರು. ನಾನು ನಕ್ಕುಬಿಟ್ಟೆ. ಅವರಿಗೆ ಸಿಟ್ಟು ಬಂತು.

"ನೋಡಪಾ ಮಿಸ್ತ್ರಿ, ಬಳ್ಳಿ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಅನ್ನೂದನ್ನ ಕತ್ತರಿ ಹಿಡದು ನಾ ಹೇಳ್ತೀನಿ. ಕಾಯಿ ಉದ್ದ ಆಗ್ಲಿ ಅಂತ ಗೊನಿ ಔಷಧದಾಗ ಅದ್ದತೀನಿ. ನೀ ಭೂಮಿ ಹೊಟ್ಟಿ ಒಡದು ನೀರ ತಗೀತಿ. ಅವಾಗ ಯಾರನ್ನ ಕೇಳಿ ಮಾಡಿದ್ವಿ? ಈಗ ಮ್ಯಾಲ ನೋಡಿ ಕೈ ಮುಗದ ಕುಂಡ್ರಬೇಕೇನು?"

ನನಗೆ ಬರುವುದಿಲ್ಲ ಎಂದು ಹೇಳುವ ರೂಢಿಯೇ ನನಗಿರಲಿಲ್ಲ. ಒಪ್ಪಿಕೊಂಡೆ.

ಬೋರ್ ಕೊರೆಸಿ ಉಳಿದ ದಪ್ಪ ಕೇಸಿಂಗ್ ಪೈಪನ್ನು ತುಂಡು ಮಾಡಿಸಿ, ಒಂದು ಬಾಯಿಗೆ ಗಟ್ಟಿ ತಗಡು ಬೆಸುಗೆ ಹಾಕಿಸಿ ಆರು ಗರ್ನಾಳ ಮಾಡಿಸಿದೆ. ರ‍್ಯಾಕುಗಳ ಸುತ್ತ, ದೂರದಲ್ಲಿ, ಬಾಯಿ ಮೇಲಾಗುವಂತೆ ಹೂತೆ. ಮದ್ದಿನ ಡಬ್ಬಿಯನ್ನು ಬಾವಿಯಾಚೆಯ ಪಂಪಿನ ಮನೆಯಲ್ಲಿಟ್ಟು ಕೀಲಿ ನನ್ನ ಉಡಿದಾರಕ್ಕೆ ಕಟ್ಟಿಕೊಂಡೆ. ಕೊಳವೆಗೆ ಮದ್ದು ಹಾಕಿ, ಅದರ ಮೇಲೆ ಗೋಣಿಚೂರು, ಅದರ ಮೇಲೆ ಇಟ್ಟಂಗಿ ಪುಡಿ ಹಾಕಿ ಜಡಿಯುತ್ತಿದ್ದೆ. ಜಡಿಯಲು ಜಾಲಿ ಕಟ್ಟಿಗೆಯೇ ಆಗಬೇಕು, ಕಬ್ಬಿಣ ತಾಗಿಸಿದರೆ ಕಿಡಿ ಹಾರಿ ಜಡಿಯುವವನೇ ಮೊದಲು ಮೇಲೆ ಹೋಗುತ್ತಾನೆ. ಮಿಂಚು ಕಂಡೊಡನೆ ಎಣಿಸಲು ಶುರು ಮಾಡುವುದು, ಗುಡುಗು ಕೇಳಿದಾಗ ನಿಲ್ಲಿಸುವುದು. ಎಣಿಕೆ ಹದಿನೈದಕ್ಕೆ ಇಳಿಯಿತೆಂದರೆ ಮೋಡ ಮೂರು ಮೈಲಿಯೊಳಗೆ ಬಂತು ಎಂದು ಲೆಕ್ಕ, ಆಗ ಮೊದಲ ಬತ್ತಿ. ಈ ಲೆಕ್ಕವೆಲ್ಲ ನಾನೇ ಕಟ್ಟಿದ್ದು. ಮೋಡಕ್ಕೆ ಅದು ಗೊತ್ತಿತ್ತೋ ಇಲ್ಲವೋ.

ಹಣ್ಣು ರ‍್ಯಾಕಿಗೇರಿದ ಮೂರನೆಯ ದಿನ ಮೊದಲ ಮೋಡ ಎದ್ದಿತು. ತೆಂಕಣ ಪಡುವಲ ಮೂಲೆಯಲ್ಲಿ ಹತ್ತಿಯ ರಾಶಿಯಂತೆ ಬೆಳೆಯುತ್ತ ಬಂತು. ಎಣಿಕೆ ಹದಿನೈದಕ್ಕೆ ಬಂದಾಗ ಆರೂ ಗರ್ನಾಳ ಒಂದರ ಹಿಂದೊಂದು ಹಾರಿಸಿದೆ. ನೆಲ ನಡುಗಿತು. ಗೊನೆ ತಿರುವಿ ಹಾಕುತ್ತಿದ್ದ ಹೆಂಗಸರು ಕಿವಿ ಮುಚ್ಚಿ ಕುಳಿತರು. ಅರ್ಧ ತಾಸಿನಲ್ಲಿ ಮೋಡ ಚದುರಿ ಹರಿದ ಅರಿವೆಯಂತಾಯಿತು. ಅದು ತಾನಾಗಿಯೇ ಚದುರುವ ಮೋಡವಾಗಿತ್ತು ಎಂದು ಈಗ ಅನಿಸುತ್ತದೆ. ಬುಡ ಕಪ್ಪಾಗಿರಲಿಲ್ಲ, ಗಾಳಿಯೂ ಮೇಲೆದ್ದಿರಲಿಲ್ಲ. ಆದರೆ ಆ ದಿನ ಸಾವಕಾರರು ನನ್ನ ಬೆನ್ನು ತಟ್ಟಿದರು, ಹೆಂಗಸರು ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು, ನನಗೂ ಅದು ಹಿತವಾಗಿತ್ತು. ಸುಳ್ಳು ಹೇಳಿ ಏನು ಮಾಡಲಿ.

ಐದನೆಯ ದಿನ ಎರಡು ಗರ್ನಾಳ ಹೊತ್ತಲಿಲ್ಲ. ಬೆಳಗಿನ ಇಬ್ಬನಿಗೆ ಮದ್ದು ತೇವ ಎಳೆದಿತ್ತು. ಹೊತ್ತದ ಮದ್ದಿಗೆ ಒಂದು ಕಟ್ಟಳೆ ಇದೆ. ಅರ್ಧ ತಾಸು ಹತ್ತಿರ ಹೋಗಬಾರದು, ಆಮೇಲೆ ನೀರು ಸುರಿದು ತೆಗೆಯಬೇಕು. ಇಪ್ಪತ್ತು ವರ್ಷ ಬೇರೆಯವರಿಗೆ ಇದನ್ನು ಬಾಯಿಪಾಠ ಮಾಡಿಸಿದವನು ನಾನು. ಆದರೆ ಮೋಡ ತಲೆಯ ಮೇಲೆ ಬರುತ್ತಿತ್ತು, ಸಾವಕಾರರು ರ‍್ಯಾಕಿನ ಕಂಬ ಹಿಡಿದು ನನ್ನನ್ನೇ ನೋಡುತ್ತಿದ್ದರು. ಹೋಗಿ ಬಗ್ಗಿ ನೋಡಿದೆ. ಅದೇ ಹೊತ್ತಿಗೆ ಅದು ಭಗ್ಗೆಂದಿತು. ಬಲಗಡೆಯ ಹುಬ್ಬು, ಮುಂಗೂದಲು ಸುಟ್ಟುಹೋದವು. ಕಣ್ಣು ಉಳಿದದ್ದು ನನ್ನ ಪುಣ್ಯ. ಆ ದಿನ ಮೋಡ ನಮ್ಮನ್ನು ಮುಟ್ಟದೆ ಪಕ್ಕದಲ್ಲಿ ಹಾದುಹೋಯಿತು, ಅದೂ ನನ್ನ ಲೆಕ್ಕಕ್ಕೇ ಸೇರಿತು.

ಎಂಟನೆಯ ದಿನ ಆರೂ ಗರ್ನಾಳ ಹೊತ್ತಿದವು, ಆದರೂ ಮಳೆ ಬಂತು. ಹೆಚ್ಚಲ್ಲ, ಹತ್ತು ನಿಮಿಷ. ಎಲ್ಲರೂ ಎದ್ದುಬಿದ್ದು ಓಡಿ ತಾಡಪತ್ರಿ ಎಳೆದೆವು. ಎರಡು ರ‍್ಯಾಕ್ ಉಳಿದವು, ಮೂರನೆಯದರ ಮೇಲಿನ ಅಂತಸ್ತುಗಳು ನೆನೆದವು, ನಾಲ್ಕನೆಯದು ಅರ್ಧಕ್ಕರ್ಧ. ಮರುದಿನ ಬೆಳಿಗ್ಗೆ ಹೆಂಗಸರು ನೆನೆದ ಗೊನೆಗಳನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕುತ್ತಿದ್ದರು. ಸಾವಕಾರರು ಒಂದು ಗೊನೆ ಕೈಗೆತ್ತಿಕೊಂಡು ಮೂಸಿ ನೋಡಿ, ಅದನ್ನು ಮತ್ತೆ ಜಾಲರಿಯ ಮೇಲೆ ಇಡಲು ಹೋದರು. ಒಬ್ಬ ಮುದುಕಿ ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಉಳಿದದ್ದು ಹೋದರೆ ಬಳ್ಳಿಯನ್ನೇ ಕಿತ್ತು ಹಾಕುತ್ತೇನೆ ಎಂದು ಅವರು ಯಾರಿಗೋ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಮಳೆ ಬಂದದ್ದಕ್ಕೆ ನನ್ನ ಮದ್ದು ಕೆಲಸ ಮಾಡುವುದಿಲ್ಲ ಎಂದು ಯಾರಾದರೂ ಅನ್ನುತ್ತಾರೆಂದು ಕಾದೆ. ಯಾರೂ ಅನ್ನಲಿಲ್ಲ. ಮಿಸ್ತ್ರಿ ಇರದಿದ್ದರೆ ಎಲ್ಲವೂ ಹೋಗುತ್ತಿತ್ತು ಎಂದರು.

ಒಂಬತ್ತನೆಯ ದಿನ ಮಡ್ಡಿಯಿಂದ ಮೂವರು ಹಿರಿಯರು ಬಂದು ತೋಟದ ಬೇಲಿಯಾಚೆ ನಿಂತರು. ತೋಟದಿಂದ ಬಡಗಣಕ್ಕೆ ಮೂರು ಮೈಲಿ ದೂರದಲ್ಲಿ ನೆಲ ಏರಿ ಕಲ್ಲುಗುಡ್ಡೆಯಾಗುತ್ತದೆ, ಅದೇ ಮಡ್ಡಿ. ಕುರಿ ಸಾಕುವವರ ಹತ್ತು ಹನ್ನೆರಡು ಮನೆ ಅಲ್ಲಿವೆ. ಅವರಿಗೆ ಬಾವಿ ಇಲ್ಲ. ಅಡ್ಡಮಳೆ ಒಂದೆರಡು ಬಿದ್ದರೆ ಹೊಂಡ ತುಂಬುತ್ತದೆ, ಹುಲ್ಲು ಚಿಗುರುತ್ತದೆ. ಅವರು ಜಗಳಕ್ಕೆ ಬಂದವರಲ್ಲ. ಕೈಕಟ್ಟಿ ನಿಂತು, ನಮ್ಮ ಪಾಲಿನ ಮಳೆಯನ್ನು ಹೊಡೆದು ಓಡಿಸಬೇಡಿರೆಂದು ಕೇಳಿಕೊಂಡರು. ಸಾವಕಾರರು ತಿಪ್ಪೆಯ ಕಡೆ ಕೈ ತೋರಿಸಿ, ನಮ್ಮ ಪಾಲಿಗೆ ಬಂದದ್ದು ಅದು, ನೋಡಿಕೊಂಡು ಹೋಗಿರಿ ಎಂದರು. ಅವರು ನೋಡಿದರು. ಬಂದ ದಾರಿ ಹಿಡಿದರು. ಆ ಹಿರಿಯರಲ್ಲಿ ಒಬ್ಬರು ಹೊರಳಿ ನನ್ನನ್ನು ನೋಡಿದರು. ಅವರಿಗೆ ನನ್ನ ಗುರುತಿತ್ತು, ಯಾಕೆಂದರೆ ನಾನೂ ಆ ಮಡ್ಡಿಯವನೇ.

ನನ್ನ ಅಕ್ಕ ಇನ್ನೂ ಅಲ್ಲೇ ಇದ್ದಳು. ಅವ್ವ ಸತ್ತಾಗ ನನಗೆ ಐದು ವರ್ಷ, ಅಕ್ಕನೇ ನನ್ನನ್ನು ಬೆಳೆಸಿದವಳು. ಹನ್ನೆರಡು ವರ್ಷದವನಾಗುವವರೆಗೆ ಅವಳ ಬೆನ್ನಿಗೆ ಬಿದ್ದು ಕುರಿ ಕಾಯ್ದಿದ್ದೇನೆ. ಆ ಬೇಸಿಗೆ ಭಾವ ದೊಡ್ಡ ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದರು. ಆಗಷ್ಟೇ ಈಯ್ದ ಹತ್ತು ಕುರಿ, ಹನ್ನೊಂದು ಮರಿ ಅಷ್ಟು ದೂರ ನಡೆಯಲಾರವೆಂದು ಅವಳ ಬಳಿ ಬಿಟ್ಟಿದ್ದರು. ಒಂದು ಹರದಾರಿ ದೂರದಿಂದ ಕೊಡದಲ್ಲಿ ನೀರು ಹೊತ್ತು ತಂದು ಅವುಗಳಿಗೆ ಕುಡಿಸುತ್ತಿದ್ದಳು. ಕುರಿಗೆ ನೀರು ಸಾಲದಿದ್ದರೆ ಹಾಲು ಇಳಿಯುವುದಿಲ್ಲ, ಹಾಲಿಲ್ಲದಿದ್ದರೆ ಮರಿ ಉಳಿಯುವುದಿಲ್ಲ. ಇದನ್ನೆಲ್ಲ ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಹತ್ತನೆಯ ದಿನ ಅವಳೇ ಬಂದಳು, ಬಿರುಬಿಸಿಲಲ್ಲಿ, ಬರಿಗಾಲಲ್ಲಿ. ನಾನು ಗರ್ನಾಳದ ಒಳಗೆ ಅಂಟಿದ ಮಸಿ ಕೆರೆಯುತ್ತ ಕುಳಿತಿದ್ದೆ. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಸಲೀಸಾಗಿತ್ತು. ಅವಳು ನನ್ನ ಸುಟ್ಟ ಹುಬ್ಬು ಮುಟ್ಟಿ ನೋಡಿದಳು. ಆಮೇಲೆ ಕೊಳವೆ ನೋಡಿದಳು. ಕುರಿಗಳ ಕೆಚ್ಚಲು ಬತ್ತುತ್ತಿದೆ, ಇನ್ನು ನಾಲ್ಕು ದಿನ ಹೀಗೇ ಹೋದರೆ ಮರಿ ಒಂದೊಂದೇ ಹೋಗುತ್ತವೆ ಎಂದಳು.

ನನ್ನ ಕೈಯಲ್ಲಿ ಏನಿದೆ ಎಂದು ನಾನು ಗೊಣಗಿದೆ.

"ಓಡಸೂದು ಬರ್ತೈತಿ ಅಂದ ಮ್ಯಾಲ ಕರೆಯೂದೂ ಬರಬೇಕಲ್ಲೋ ತಮ್ಮಾ," ಎಂದಳು. "ಹೆಂಗೂ ಇಲ್ಲಿಂದ ಹೊಡೀತಿ. ಮಡ್ಡಿ ಕಡೆ ಹೊಡಿ. ನಿನಗ ಇದೂ ಬರ್ತೈತಿ, ನಂಗೊತ್ತು."

ಚೇಷ್ಟೆಯ ಮಾತಲ್ಲ ಅದು. ಅವಳು ನಂಬಿದ್ದಳು. ನಾನು ಮೊದಲ ಸಲ ಬಂಡೆ ಒಡೆದಾಗ ಮಡ್ಡಿಗೆಲ್ಲ ಬೆಲ್ಲ ಹಂಚಿದವಳು. ಆಗ ನನಗೆ ಬರುವುದಿಲ್ಲ ಎಂಬ ಒಂದೇ ಒಂದು ಮಾತು ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ರ‍್ಯಾಕಿನ ನೆರಳಲ್ಲಿ ಹೆಂಗಸರು ಕುಳಿತಿದ್ದರು, ಸಾವಕಾರರು ಎಂಟು ಮಾರು ದೂರದಲ್ಲಿ ನಿಂತಿದ್ದರು, ಎಂಟು ದಿನದಿಂದ ಎಲ್ಲರ ಬಾಯಲ್ಲೂ ನಾನೇ ಇದ್ದೆ. ಆಗಲಿ, ಎರಡು ದಿನದೊಳಗೆ ಕಳಿಸುತ್ತೇನೆ ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೆಲಸದವನ ಬುದ್ಧಿ, ಹೊಂಡದ ಬಗ್ಗೆಯೂ ಸಲಹೆ ಕೊಟ್ಟೆ. ಅವಳ ಹೊಂಡದ ತಳ ಗರಸು ಮಣ್ಣು, ಬಿದ್ದ ನೀರು ಎರಡು ದಿನದಲ್ಲಿ ಇಂಗಿಹೋಗುತ್ತದೆ. ಹಿಂದೆ ಬಾವಿ ಕೆಲಸದಲ್ಲಿ ಉಳಿದ ದಪ್ಪ ತಾಡಪತ್ರಿಯೊಂದನ್ನು ನಾನೇ ಅವಳಿಗೆ ಕೊಟ್ಟಿದ್ದೆ. ಅದನ್ನು ಮರಿಗಳ ಹಟ್ಟಿಯ ಮೇಲೆ ಹೊದಿಸಿದ್ದಳು.

"ಅದನ್ನ ತಗದು ಹೊಂಡಕ್ಕ ಹಾಸಿಡು," ಎಂದೆ. "ಬಿದ್ದ ನೀರು ಒಂದ ತಿಂಗಳ ನಿಂದರತೈತಿ."

"ಮರಿಗೋಳಿಗೆ ನೆರಳು?"

"ಎರಡ ದಿನದ ಮಾತು. ಕಂಬಳಿ ಕಟ್ಟು."

ಅವಳು ತಲೆಯಾಡಿಸಿ ಹೊರಟಳು. ಹೋಗುವಾಗ ಅವಳ ನಡಿಗೆ ಬರುವಾಗಿನಂತೆ ಇರಲಿಲ್ಲ, ಚುರುಕಾಗಿತ್ತು. ನಾನು ಮತ್ತೆ ಮಸಿ ಕೆರೆಯಲು ಕುಳಿತೆ.

ಹನ್ನೊಂದನೆಯ ದಿನ ಬೆಳಿಗ್ಗೆಯಿಂದ ಗರ್ನಾಳಗಳನ್ನು ಕಿತ್ತು ಬೇರೆ ಕಡೆ ಹೂಳಲು ಶುರು ಮಾಡಿದೆ. ಈ ಭಾಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮೋಡವನ್ನು ಒಂದು ದಿಕ್ಕಿಗೆ ನಡೆಸುವುದು ಹೇಗೆಂದು ನನಗೆ ಯಾರು ಕಲಿಸಿದ್ದರು? ನನಗೆ ಗೊತ್ತಿದ್ದದ್ದು ಕುರಿ ನಡೆಸುವುದೊಂದೇ. ಹಿಂಡಿಗೆ ಎದುರು ನಿಂತು ಹೊಡೆದರೆ ಅದು ಒಡೆದು ದಿಕ್ಕಾಪಾಲಾಗುತ್ತದೆ. ಹಿಂದೆ ಒಬ್ಬರು ನಿಲ್ಲಬೇಕು, ಒಂದು ಮಗ್ಗುಲಲ್ಲಿ ಒಬ್ಬರು. ಹೋಗಬೇಕಾದ ಕಡೆ ಖಾಲಿ ಬಿಡಬೇಕು, ಹಟ್ಟಿಯ ಬಾಗಿಲು ತೆರೆದಿಟ್ಟ ಹಾಗೆ. ಕಲ್ಲು ಕುರಿಗೆ ಬೀಳಬಾರದು, ಪಕ್ಕದ ನೆಲಕ್ಕೆ ಬೀಳಬೇಕು. ಅಕ್ಕ ನನಗೆ ಕಲಿಸಿದ್ದು ಇದು. ಹಾಗೆಯೇ ಮೂರು ಗರ್ನಾಳಗಳನ್ನು ತೆಂಕಣಕ್ಕೆ, ಮೂರನ್ನು ಮೂಡಣದ ಮಗ್ಗುಲಿಗೆ ಹೂತು, ಮಡ್ಡಿಯ ಕಡೆಯ ಬಡಗಣವನ್ನು ಖಾಲಿ ಬಿಟ್ಟೆ. ಬಾಯಿಗಳನ್ನು ತುಸು ವಾಲಿಸಿದೆ. ಸಾವಕಾರರು ಕೇಳಿದಾಗ ಮೋಡ ಬರುವ ದಾರಿ ಬದಲಾಗಿದೆ ಎಂದು ಸುಳ್ಳು ಹೇಳಿದೆ. ಅವರು ನನ್ನನ್ನು ನಂಬಿದರು. ಅಂದು ನನ್ನನ್ನು ನಂಬದವರು ಯಾರೂ ಇರಲಿಲ್ಲ.

ಆ ದಿನ ಮೋಡ ಬರಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ ಗಾಳಿ ಪೂರ್ತಿ ನಿಂತಿತು. ಜಾಲರಿಯ ಮೇಲಿನ ಕಾಯಿ ಮುಕ್ಕಾಲು ಒಣಗಿ, ಹಿಚುಕಿದರೆ ಅಂಟುವ ಹದದಲ್ಲಿತ್ತು. ಇನ್ನು ಎರಡು ದಿನ ಸಾಕು. ನಾಲ್ಕು ಗಂಟೆಯ ಹೊತ್ತಿಗೆ ತೆಂಕಣ ಪಡುವಲದಿಂದ ಅದು ಎದ್ದಿತು. ಇಷ್ಟು ದಿನ ಕಂಡ ಮೋಡಗಳು ಇದರ ಮುಂದೆ ಏನೂ ಅಲ್ಲ. ತುದಿ ಕಾಣುತ್ತಿರಲಿಲ್ಲ, ಬುಡ ಕಪ್ಪಾಗಿತ್ತು, ಮಿಂಚು ಬಿಡುವಿಲ್ಲದೆ ಹೊಡೆಯುತ್ತಿದ್ದುದರಿಂದ ಯಾವ ಮಿಂಚಿಗೆ ಯಾವ ಗುಡುಗು ಎಂದು ಎಣಿಸಲು ಆಗಲಿಲ್ಲ. ನನ್ನ ಲೆಕ್ಕ ಅಲ್ಲಿಗೆ ಮುಗಿದಿತ್ತು. ಸಾವಕಾರರು ಮೋಡದ ಕಡೆ ನೋಡಲಿಲ್ಲ, ನಾಲ್ಕು ರ‍್ಯಾಕುಗಳ ನಡುವೆ ಗೋಣಿಚೀಲದ ಮೇಲೆ ಕುಳಿತುಬಿಟ್ಟಿದ್ದರು.

ಹತ್ತಿರ ಬಂದಂತೆ ಅದರ ಹೊಟ್ಟೆ ಹಸಿರಾಗಿ ಕಂಡಿತು. ಬೀಸುವ ಕಲ್ಲು ತಿರುಗಿದಂಥ ಸದ್ದು ಒಳಗಿನಿಂದ ಬರುತ್ತಿತ್ತು. ಮಡ್ಡಿಯಲ್ಲಿ ಬೆಳೆದವನಿಗೆ ಇದು ಏನೆಂದು ಗೊತ್ತು. ಹಸಿರು ಹೊಟ್ಟೆಯ ಮೋಡ ಕಂಡರೆ ಅಕ್ಕ ಕುರಿ ಬಿಟ್ಟು ಮೊದಲು ಮರಿಗಳನ್ನು ಹೊದಿಕೆಯ ಕೆಳಗೆ ನೂಕುತ್ತಿದ್ದಳು. ಅದರಲ್ಲಿ ಇರುವುದು ಆಲಿಕಲ್ಲು.

ಕೈಯಲ್ಲಿ ಹೊತ್ತಿದ ಕಾಕಡಾ, ಬತ್ತಿ ಹಚ್ಚುವ ಪಂಜು, ಇತ್ತು. ಹಾರಿಸದೆ ನಿಂತರೆ ಇದು ಇಲ್ಲೇ ಇಳಿದು ರ‍್ಯಾಕು, ಜಾಲರಿ, ಬಳ್ಳಿ ಎಲ್ಲವನ್ನೂ ಜಜ್ಜಿ ಹಾಕುತ್ತದೆ. ಹಾರಿಸಿದರೆ ನಾನು ಹೂತ ಲೆಕ್ಕದಂತೆ ಅದು ಮಡ್ಡಿಗೆ ಹೋಗುತ್ತದೆ. ನನ್ನ ಮದ್ದಿಗೆ ಮೋಡ ಹೋಗುತ್ತದೆಂದು ಅಷ್ಟು ಗಟ್ಟಿಯಾಗಿ ನಾನು ನಂಬಿದ್ದು ಅದೊಂದೇ ಗಳಿಗೆ. ನಂಬಿಯೂ ಹಾರಿಸಿದೆ. ತೆಂಕಣದ ಮೂರು, ಮೂಡಣದ ಮೂರು. ತುಂಬಿ ಮತ್ತೆ ಹಾರಿಸಿದೆ. ಕೊಳವೆ ಕಾದು ಕೈ ಸುಟ್ಟಿತು. ಯಾಕೆ ಹಾರಿಸಿದೆ ಎಂದರೆ ಹೇಳಲು ದೊಡ್ಡ ಕಾರಣವೇನಿಲ್ಲ. ನನ್ನ ಮುಂದೆ ಸಾವಕಾರರು ಕುಳಿತಿದ್ದರು, ಅಕ್ಕ ಕಣ್ಣಿಗೆ ಕಾಣುತ್ತಿರಲಿಲ್ಲ.

ಮೋಡ ನಮ್ಮ ತಲೆಯ ಮೇಲಿನಿಂದ ಬಡಗಣಕ್ಕೆ ಜಾರಿತು. ಅಂಗೈಯಲ್ಲಿ ಹಿಡಿಯುವಷ್ಟು ಹನಿ ಉದುರಿದವು, ಅಷ್ಟೇ. ಹೆಂಗಸರು ಅಳುತ್ತ ನಗುತ್ತಿದ್ದರು. ಆ ಮುದುಕಿ ಬಂದು ನನ್ನ ಕಾಲು ಮುಟ್ಟಿದಳು. ಸಾವಕಾರರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಅವರ ಹೆಗಲಾಚೆ ನೋಡುತ್ತಿದ್ದೆ. ಮಡ್ಡಿಯ ಮೇಲೆ ಬಿಳಿ ಪರದೆ ಇಳಿದಿತ್ತು.

ಸೈಕಲ್ ತುಳಿಯುತ್ತ ಹೋದೆ. ಕೊನೆಯ ಅರ್ಧ ಮೈಲಿ ತುಳಿಯಲು ಆಗಲಿಲ್ಲ, ದಾರಿಯಲ್ಲಿ ಕಲ್ಲು ಪಾದ ಮುಚ್ಚುವಷ್ಟು ಬಿದ್ದಿತ್ತು. ಬೇವಿನ ಮರದಲ್ಲಿ ಒಂದು ಎಲೆ ಉಳಿದಿರಲಿಲ್ಲ. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಂದಿತ್ತು, ಎಲ್ಲೆಲ್ಲೂ ಕಣ್ಣು ಕುಕ್ಕುವ ಬಿಳಿ. ಮಡ್ಡಿಯ ಮನೆಗಳವರು ಒಡೆದ ಹಂಚು ಆಯುತ್ತಿದ್ದರು. ಉಳಿದವರ ಮರಿಗಳು ಹೊದಿಕೆಯ ಕೆಳಗೆ ಇದ್ದವು, ಬದುಕಿದ್ದವು.

ಅಕ್ಕ ಹಟ್ಟಿಯ ಮುಂದೆ ಕುಳಿತಿದ್ದಳು. ಕಟ್ಟಿದ್ದ ಕಂಬಳಿ ಕಲ್ಲಿನ ಭಾರಕ್ಕೆ ಹರಿದು ಕೆಳಗೆ ಬಿದ್ದಿತ್ತು. ಒಂಬತ್ತು ಮರಿಗಳನ್ನು ಅದೇ ಕಂಬಳಿಯ ಮೇಲೆ ಸಾಲಾಗಿ ಮಲಗಿಸಿದ್ದಳು. ಎರಡನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಬೋರಲು ಮಲಗಿ ಉಳಿಸಿದ್ದಳು, ಅವಳ ಬೆನ್ನಿನ ಮೇಲೆ, ತೋಳಿನ ಮೇಲೆ ಬಾಸುಂಡೆ ಎದ್ದಿದ್ದವು. ಹೊಂಡದಲ್ಲಿ ತಾಡಪತ್ರಿ ಅಚ್ಚುಕಟ್ಟಾಗಿ ಹಾಸಿತ್ತು, ನಾಲ್ಕೂ ಮೂಲೆಗೆ ಕಲ್ಲು ಇಟ್ಟಿದ್ದಳು. ಅದರ ತುಂಬ ಆಲಿಕಲ್ಲು ಕರಗುತ್ತಿತ್ತು. ಕುರಿಗಳು ಬಗ್ಗಿ ನೀರು ಕುಡಿಯುತ್ತಿದ್ದವು. ಕುಡಿದು ಬಂದು ಮರಿಗಳನ್ನು ಮೂಸುತ್ತಿದ್ದವು.

ಒಂದು ಕುರಿಯನ್ನು ಹಿಡಿದು ಅವಳು ಹಾಲು ಹಿಂಡಿ ನೆಲಕ್ಕೆ ಬಿಡುತ್ತಿದ್ದಳು. ಕುಡಿಯುವ ಮರಿ ಇಲ್ಲದಿದ್ದರೆ ಕೆಚ್ಚಲು ಕಟ್ಟಿ ಕುರಿಯೂ ಸಾಯುತ್ತದೆ. ನನ್ನನ್ನು ನೋಡಿದಳು.

"ಬಂತ ನೋಡ ತಮ್ಮಾ," ಎಂದಳು. "ನೀ ಹೇಳಿದಂಗ ಎರಡ ದಿನದಾಗ ಬಂತು."

ನನ್ನನ್ನು ಹಂಗಿಸುತ್ತಿದ್ದಾಳೆ ಅಂದುಕೊಂಡೆ. ಅಲ್ಲ. ನನಗೆ ಸಮಾಧಾನ ಹೇಳುತ್ತಿದ್ದಳು. ನಾನು ಮಾತು ಉಳಿಸಿಕೊಂಡೆನೆಂದು, ಕಲ್ಲು ಬಂದದ್ದು ನನ್ನ ತಪ್ಪಲ್ಲವೆಂದು ಅವಳ ಲೆಕ್ಕ. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅವಳ ಮುಂದೆ ಕುಸಿದು ಕುಳಿತೆ, ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತೆ.

"ಅಕ್ಕಾ, ನನಗೇನೂ ಬರೂದಿಲ್ಲ. ಮೋಡ ನನ್ನ ಮಾತ ಕೇಳೂದಿಲ್ಲ. ಎಲ್ಲಾ ಬರೇ ಸದ್ದು. ಕಳಸೂದೂ ಗೊತ್ತಿಲ್ಲ, ಓಡಸೂದೂ ಗೊತ್ತಿಲ್ಲ."

ಅವಳ ಕೈ ಕೆಚ್ಚಲ ಮೇಲೆ ನಿಂತಿತು. ಬಹಳ ಹೊತ್ತು ನನ್ನ ಮುಖ ನೋಡಿದಳು. ಕುರಿ ಕೊಸರಾಡಿತು, ಅದನ್ನು ಬಿಟ್ಟಳು.

"ಇದನ್ನ ಮೊನ್ನೆ ಹೇಳಬೇಕಿತ್ತು," ಎಂದಳು.

ನಾವಿಬ್ಬರೂ ಕುಣಿ ತೋಡಿ ಮರಿಗಳನ್ನು ಹೂತೆವು. ಆ ಗಟ್ಟಿ ನೆಲದಲ್ಲಿ ಹಾರೆ ಇಳಿಯಲಿಲ್ಲ. ಮದ್ದು ಇದ್ದಿದ್ದರೆ ಸುಲಭವಾಗುತ್ತಿತ್ತು ಎಂಬ ಯೋಚನೆ ಬಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆ ಮೋಡವನ್ನು ನಾನು ತಿರುಗಿಸಿದೆನೋ, ಅದು ತನ್ನ ದಾರಿ ಹಿಡಿದು ಹೋಯಿತೋ, ಇವತ್ತಿಗೂ ಗೊತ್ತಿಲ್ಲ. ಓದಿದವರನ್ನು ಕೇಳಿದ್ದೇನೆ. ಅಷ್ಟು ದೊಡ್ಡ ಮೋಡಕ್ಕೆ ನಿನ್ನ ಗರ್ನಾಳ ಸೊಳ್ಳೆ ಕಚ್ಚಿದಷ್ಟೂ ಅಲ್ಲ ಎಂದರು. ಅದು ನಿಜವಿರಬಹುದು, ಕೇಳಿದಾಗ ತುಸು ಹಗುರವೂ ಆಯಿತು. ಆದರೆ ಆ ತಾಡಪತ್ರಿ ತೆಗೆಸಿದವನು ನಾನೇ. ಅದಕ್ಕೆ ಯಾರನ್ನೂ ಕೇಳಬೇಕಿಲ್ಲ.

ಹದಿನಾಲ್ಕನೆಯ ದಿನ ತೋಟದಲ್ಲಿ ಜಾಲರಿ ಬಡಿದು ಮಣೂಕ ಉದುರಿಸಿದರು. ಸಾವಕಾರರು ಬಯಸಿದ ಬಣ್ಣವೇ ಬಂದಿತ್ತು. ಒಂದು ಚೀಲ ತುಂಬಿ ನನ್ನ ಸೈಕಲ್ಲಿಗೆ ತಾವೇ ಕಟ್ಟಿದರು, ಮುಂದಿನ ವರ್ಷವೂ ಬರಬೇಕೆಂದರು. ನನ್ನ ಮದ್ದಿಗೆ ಮೋಡ ಹೋಗುವುದಿಲ್ಲ, ಅದೆಲ್ಲ ಸುಳ್ಳು, ತಾಡಪತ್ರಿ ಕೊಂಡುಕೊಳ್ಳಿರಿ ಎಂದು ಬಾಯಿಬಿಟ್ಟು ಹೇಳಿದೆ. ಅವರು ನಕ್ಕರು. ದೊಡ್ಡ ಕೈ ಇದ್ದವರು ಹೀಗೇ ಸಣ್ಣ ಮಾತಾಡುತ್ತಾರೆ ಎಂದರು. ಮಡ್ಡಿಯ ವಿಷಯ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಆಮೇಲೆ, ಹಾಗಾದರೆ ಅದು ಇಲ್ಲಿ ಬೀಳಬೇಕಿದ್ದದ್ದು ಎಂದರು. ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಆಮೇಲೆ ಎಷ್ಟೋ ಬೇಸಿಗೆಗಳಲ್ಲಿ ಬೇರೆ ಬೇರೆ ತೋಟದವರು ನನ್ನ ಮನೆ ಬಾಗಿಲಿಗೆ ಬಂದಿದ್ದಾರೆ. ಇಲ್ಲ ಎಂದರೂ ಬಿಡದೆ ಬೇಡಿಕೊಂಡವರೂ ಇದ್ದಾರೆ. ಗರ್ನಾಳಗಳನ್ನು ಬಾವಿಯಲ್ಲಿ ಎಸೆದುಬಿಟ್ಟಿದ್ದೇನೆ ಎಂದು ಹೇಳಿ ಕಳಿಸಿದೆ. ಎಸೆದದ್ದು ನಿಜ.

ಮಣೂಕದ ಚೀಲವನ್ನು ಅಕ್ಕನಿಗೆ ಒಯ್ದುಕೊಟ್ಟೆ. ಅವಳು ಮಡ್ಡಿಯ ಮಕ್ಕಳಿಗೆಲ್ಲ ಹಂಚಿದಳು, ತಾನು ಒಂದು ಕಾಳೂ ಬಾಯಿಗೆ ಹಾಕಲಿಲ್ಲ.

ಮರುವರ್ಷ ಕುರಿ ಈಯುವ ಮೊದಲೇ ಹೋಗಿ ಮರಿಗಳ ಹಟ್ಟಿಗೆ ತಗಡು ಹೊದಿಸಿದೆ. ನಾನು ಮೇಲೆ ಕುಳಿತು ಬಡಿಯುತ್ತಿದ್ದೆ, ಅಕ್ಕ ಕೆಳಗೆ ನಿಂತು ಮೊಳೆ ಕೊಡುತ್ತಿದ್ದಳು. ಪ್ರತಿ ಮೂಲೆಯನ್ನೂ ಕೈಯಿಂದ ಅಲುಗಿಸಿ ನೋಡಿಯೇ ಮುಂದಕ್ಕೆ ಹೋಗಲು ಬಿಡುತ್ತಿದ್ದಳು. ಇಳಿಹೊತ್ತಿಗೆ ತೆಂಕಣ ಪಡುವಲದಲ್ಲಿ ಸಣ್ಣದೊಂದು ಮೋಡ ಎದ್ದಿತು. ನಾನು ನೋಡಿದೆ, ಅವಳೂ ನೋಡಿದಳು.

"ಏನ ಅನಸ್ತೈತಿ ತಮ್ಮಾ, ಈ ಕಡೆ ಬರ್ತೈತೇನು?"

"ಗೊತ್ತಿಲ್ಲ ಅಕ್ಕಾ."

ಅವಳು ಇನ್ನೊಂದು ಮೊಳೆ ಕೊಟ್ಟಳು.